ಉಪವಾಸದ ಪ್ರಯಾಣಿಕರು

ಕೊಡಗಿನ ಮನೆಗಳಲ್ಲಿ ಊರಿಗೆ ಹೊರಟವರನ್ನು ಬರಿಹೊಟ್ಟೆಯಲ್ಲಿ ಬಸ್ಸು ಹತ್ತಿಸುವ ಪದ್ಧತಿ ಇಲ್ಲ. ಬೆಳಗಿನ ಮೊದಲ ಬಸ್ಸಿಗೆ ಹೋಗುವುದಿದ್ದರೂ ಅದಕ್ಕೂ ಮುಂಚೆ ಎದ್ದು ಅಕ್ಕಿರೊಟ್ಟಿ ತಟ್ಟುತ್ತಾರೆ. ತಿಂದದ್ದು ಸಾಲದೆಂದು ಕಡಂಬುಟ್ಟು ಕಟ್ಟಿಕೊಡುತ್ತಾರೆ, ಜೊತೆಗೆ ಒಂದು ಸೀಸೆ ಜೇನು, ಒಂದು ಪೊಟ್ಟಣ ಕರಿಮೆಣಸು, ತೋಟದ ನಾಲ್ಕು ಕಿತ್ತಳೆ. ರೈಲು ಬಾರದ ಜಿಲ್ಲೆ ನಮ್ಮದು. ಮಡಿಕೇರಿಯಿಂದ ಎಲ್ಲಿಗೆ ಹೋಗಬೇಕಾದರೂ ಮೊದಲು ಗುಡ್ಡ ಇಳಿಯಬೇಕು. ದಾರಿಯುದ್ದಕ್ಕೂ ಹಸಿವಾಗುತ್ತದೆ ಎಂಬುದು ನಮ್ಮ ಅಜ್ಜಿಯರ ಕಾಲದಿಂದ ಬಂದ ನಂಬಿಕೆ.

ಇಂಥ ಊರಿನಲ್ಲಿ ಕುಳಿತು, ಅಕ್ವೇರಿಯಂ ಮೀನುಗಳನ್ನು ದೂರಕ್ಕೆ ಒಯ್ಯುವವರಿಗೆ ನಾನು ಹೇಳಬೇಕಾದ ಮೊದಲ ಮಾತು ಇದು: ಹೊರಡುವ ಹಿಂದಿನ ಒಂದೆರಡು ದಿನ ಏನೂ ಹಾಕಬೇಡಿ.

"ಅಷ್ಟು ದೂರ ಹೋಗ್ತಾವೆ, ಪಾಪ, ಹಸ್ಕೊಂಡೇ ಹೋಗ್ಬೇಕಾ ಅಕ್ಕ?" ಎಂದು ಎಲ್ಲರೂ ಕೇಳುತ್ತಾರೆ. ಹೌದು, ಹಸಿದೇ ಹೋಗಬೇಕು. ಬೆಳೆದ ಮೀನಿಗೆ ಎರಡು ದಿನದ ಉಪವಾಸ ಲೆಕ್ಕಕ್ಕೇ ಇಲ್ಲ. ತೀರ ಎಳೆಯ ಮರಿಗಳಿಗೆ ಮಾತ್ರ ಅರ್ಧ ದಿನ ಸಾಕು.

ನನ್ನ ಬಳಿ ಬರುವವರು ಬಹುಪಾಲು ವರ್ಗಾವಣೆಯವರು. ಬ್ಯಾಂಕಿನವರು, ಶಾಲೆಯವರು, ಗಂಡನಿಗೆ ಹೊಸ ಪೋಸ್ಟಿಂಗ್ ಬಂದ ಸೈನ್ಯದ ಮನೆಯವರು. ಮಂಚ, ಬೀರು, ಪಾತ್ರೆಗಳನ್ನು ಲಾರಿಗೆ ಹಾಕಿದ ಮೇಲೆ ಹಾಲ್‌ನಲ್ಲಿ ಗಾಜಿನ ತೊಟ್ಟಿಯೊಂದು ಉಳಿಯುತ್ತದೆ. ಮಕ್ಕಳು ಅದರ ಮುಂದಿನಿಂದ ಏಳುವುದಿಲ್ಲ. ಆಗ ಯಾರೋ ನನ್ನ ಹೆಸರು ಹೇಳುತ್ತಾರೆ. ಮೀನು ಕಟ್ಟಿಕೊಡುವ ಕೆಲಸ ನನಗೆ ಇಷ್ಟ. ಜೀವ ಇರುವುದನ್ನು ಒಂದು ಪ್ಲಾಸ್ಟಿಕ್ ಚೀಲದೊಳಗೆ ಇಟ್ಟು, ಬಾಯಿ ಬಿಗಿದು, ಇನ್ನೊಬ್ಬರ ಕೈಗೆ ಕೊಡುವಾಗ ಆ ಚೀಲದೊಳಗೆ ಮುಂದಿನ ಹತ್ತು ಹನ್ನೆರಡು ಗಂಟೆ ಏನೇನು ನಡೆಯುತ್ತದೆ ಎಂದು ಮೊದಲೇ ಯೋಚಿಸಿರಬೇಕು. ಆ ಯೋಚನೆಯೇ ಈ ಕೆಲಸದ ಮುಕ್ಕಾಲು ಪಾಲು. ಕಟ್ಟುವುದು ಉಳಿದ ಕಾಲು ಪಾಲು.

ಮೀನೆಂದರೆ ನೀರು ಎಂದು ನಮ್ಮ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಹಾಗಾಗಿ ಎಲ್ಲರ ಕೈಯೂ ಚೀಲದ ತುಂಬ ನೀರು ತುಂಬಲು ಹೋಗುತ್ತದೆ. ನಿಜವಾಗಿ ತುಂಬಬೇಕಾದದ್ದು ಗಾಳಿ. ಲೆಕ್ಕ ಹೀಗಿದೆ: ನಮ್ಮ ಹವೆಯಲ್ಲಿ ಒಂದು ಲೀಟರ್ ನೀರು ತನ್ನೊಳಗೆ ಹಿಡಿದುಕೊಳ್ಳುವ ಆಮ್ಲಜನಕ ಏಳೆಂಟು ಮಿಲಿಗ್ರಾಂ. ಅದೇ ಒಂದು ಲೀಟರ್ ಗಾಳಿಯಲ್ಲಿ ಇರುವುದು 250 ಮಿಲಿಗ್ರಾಂ ಆಸುಪಾಸು, ಅಂದರೆ ಮೂವತ್ತು ಪಟ್ಟು. ಅಂಗಡಿಯಲ್ಲಿ ಸಿಲಿಂಡರಿನಿಂದ ಶುದ್ಧ ಆಮ್ಲಜನಕ ತುಂಬಿಸಿದರೆ ಅದರ ಸುಮಾರು ಐದು ಪಟ್ಟು. ಆದ್ದರಿಂದ ಚೀಲದ ಮೂರನೇ ಒಂದು ಪಾಲು ನೀರು, ಎರಡು ಪಾಲು ಗಾಳಿ. ಮೀನಿನ ಬೆನ್ನು ಮುಳುಗಿ, ತಿರುಗಲು ಜಾಗವಿದ್ದರೆ ನೀರು ಸಾಕು. ಚೀಲವನ್ನು ನಿಲ್ಲಿಸುವ ಬದಲು ಮಲಗಿಸಿದರೆ ಇನ್ನೂ ಒಳ್ಳೆಯದು. ನೀರಿನ ಮೈ ಅಗಲವಾಗಿ ಗಾಳಿಗೆ ತಾಗುತ್ತದೆ, ಆಮ್ಲಜನಕ ಬೇಗ ಕೆಳಗಿಳಿಯುತ್ತದೆ.

ಇದನ್ನು ಚೆನ್ನಾಗಿ ಬಲ್ಲವರನ್ನು ನೋಡಬೇಕಾದರೆ ಹಾರಂಗಿಗೆ ಹೋಗಬೇಕು. ಕುಶಾಲನಗರದ ಹತ್ತಿರ, ಹಾರಂಗಿ ಅಣೆಕಟ್ಟೆಯ ಬಳಿ ಮೀನುಗಾರಿಕೆ ಇಲಾಖೆಯ ಮೀನುಮರಿ ಕೇಂದ್ರವಿದೆ. ಮಹಶೀರ್ ಮೀನಿನ ಮರಿ ಮಾಡಿಸುವ ಕೇಂದ್ರವೆಂದು ಅದಕ್ಕೆ ಹೆಸರು. ಮಳೆಗಾಲದಲ್ಲಿ ನಮ್ಮ ಕಾಫಿ ಬೆಳೆಗಾರರು ಜೀಪು, ಪಿಕಪ್ ತೆಗೆದುಕೊಂಡು ಹಾರಂಗಿಗೆ ಹೋಗುತ್ತಾರೆ. ಬೇಸಿಗೆಯಲ್ಲಿ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಹಾರಿಸಲೆಂದು ತೋಟಗಳಲ್ಲಿ ಕೆರೆ ತೋಡಿರುತ್ತಾರಲ್ಲ, ಆ ಕೆರೆಗಳಿಗೆ ಬಿಡಲು ಕಾಟ್ಲಾ, ರೋಹು, ಸಾಮಾನ್ಯ ಗೆಂಡೆಯ ಮರಿಗಳು ಬೇಕು. ಮರಿಗಳನ್ನು ಕೊಳದಿಂದ ಎತ್ತಿದ ಕೂಡಲೇ ಕಟ್ಟಿಕೊಡುವುದಿಲ್ಲ. ಬಲೆಬಟ್ಟೆಯ ತೊಟ್ಟಿಲಿನಂಥ ಹಾಪಾದೊಳಗೆ ಅವನ್ನು ಗಂಟೆಗಟ್ಟಲೆ ಒತ್ತೊತ್ತಾಗಿ, ಮೇವಿಲ್ಲದೆ ಬಿಟ್ಟಿರುತ್ತಾರೆ. ಹೊಟ್ಟೆ ಖಾಲಿಯಾಗಲಿ, ಇಕ್ಕಟ್ಟು ಅಭ್ಯಾಸವಾಗಲಿ ಎಂದು. ಆಮೇಲೆ ಚೀಲಕ್ಕೆ ನೀರು, ಮರಿಗಳು. ಚೀಲದ ಬಾಯಿ ಹಿಡಿದು ಒಳಗಿನ ಗಾಳಿಯನ್ನೆಲ್ಲ ಅಮುಕಿ ಹೊರಹಾಕಿ ಸಿಲಿಂಡರಿನ ಕೊಳವೆ ಇಳಿಬಿಟ್ಟು ಆಮ್ಲಜನಕ. ಚೀಲ ಉಬ್ಬಿದ ಮೇಲೆ ಬಾಯಿಯನ್ನು ಹುರಿಯಾಗಿ ತಿರುಚಿ, ಮಡಚಿ, ಮಡಿಕೆಯ ಮೇಲೆ ರಬ್ಬರ್ ಬ್ಯಾಂಡ್ ಸುತ್ತುತ್ತಾರೆ. ತಿರುಚುವುದು, ಮಡಚುವುದು ಎರಡೂ ಬೇಕು. ಬರೀ ತಿರುಚಿದ ಕಟ್ಟಿನಿಂದ ಗಾಳಿ ಸೋರುತ್ತದೆ.

ಈ ಚೀಲ ಬರುವ ಮೊದಲು ಮೀನುಮರಿಗಳು ಮಣ್ಣಿನ ಹಂಡಿಯಲ್ಲಿ ಓಡಾಡಿದವು. ಆಗ ಗೆಂಡೆ ಜಾತಿಯ ಬಿತ್ತನೆ ಮರಿಗಳನ್ನು ಬಂಗಾಳದ ಹೊಳೆಗಳಲ್ಲಿ ಮಳೆಗಾಲದ ಪ್ರವಾಹ ಬಂದಾಗ ಬಲೆಯಲ್ಲಿ ಸೋಸಿ ಹಿಡಿಯಬೇಕಿತ್ತು. ಹಿಡಿದದ್ದನ್ನು ಹಂಡಿಗಳಿಗೆ ತುಂಬಿ ರೈಲಿನಲ್ಲಿ ಬೇರೆ ಪ್ರಾಂತಗಳಿಗೆ ಒಯ್ಯುತ್ತಿದ್ದರು. ಹಂಡಿಯ ಜೊತೆ ಒಬ್ಬ ಆಳು ಕೂತು ನೀರನ್ನು ಕೈಯಿಂದ ಕಲಕುತ್ತ, ಹಂಡಿಯನ್ನು ಅಲುಗಿಸುತ್ತ, ನಿಲ್ದಾಣ ಸಿಕ್ಕಲ್ಲಿ ನೀರು ಬದಲಿಸುತ್ತ ಹೋಗುತ್ತಿದ್ದ. ಕಲಕುವ ಕೈ ನಿಂತರೆ ಮರಿಗಳ ಉಸಿರು ನಿಲ್ಲುತ್ತದೆ. ಎಷ್ಟು ಎಚ್ಚರ ವಹಿಸಿದರೂ ಬಹಳಷ್ಟು ಸಾಯುತ್ತಿದ್ದವು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧರಿ ಮತ್ತು ಸಂಗಡಿಗರು ಹಾರ್ಮೋನು ಚುಚ್ಚುಮದ್ದು ಕೊಟ್ಟು ಗೆಂಡೆ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸಿದರು. ಊರೂರಲ್ಲಿ ಮರಿ ಕೇಂದ್ರ ಸಾಧ್ಯವಾದದ್ದು ಅಲ್ಲಿಂದ. ಜುಲೈ 10 ಈಗ ಮೀನು ಕೃಷಿಕರ ದಿನ. ರೈಲಿನ ಬೋಗಿಯಲ್ಲಿ ರಾತ್ರಿಯೆಲ್ಲ ಹಂಡಿಯೊಳಗೆ ಕೈಯಾಡಿಸುತ್ತ ಕೂತವರ ಹೆಸರು ಎಲ್ಲೂ ದಾಖಲಾಗಿಲ್ಲ. ನನಗೆ ಅವರ ಬಗ್ಗೆಯೂ ಅಷ್ಟೇ ಗೌರವ.

ಉಸಿರಿನ ಲೆಕ್ಕ ಮುಗಿದ ಮೇಲೆ ಹೊಲಸಿನ ಲೆಕ್ಕ. ಉಪವಾಸದ ಗುಟ್ಟು ಇರುವುದು ಇಲ್ಲೇ. ಮೀನು ತಿಂದದ್ದರಲ್ಲಿನ ಸಾರಜನಕ ಅಮೋನಿಯಾ ಆಗಿ, ಮುಖ್ಯವಾಗಿ ಕಿವಿರುಗಳ ಮೂಲಕ, ನೀರಿಗೆ ಸೇರುತ್ತದೆ. ತೊಟ್ಟಿಯಲ್ಲಾದರೆ ಫಿಲ್ಟರಿನ ಸ್ಪಂಜಿನಲ್ಲಿ ಬೀಡುಬಿಟ್ಟ ಬ್ಯಾಕ್ಟೀರಿಯಾಗಳು ಅದನ್ನು ಬೇರೆ ರೂಪಕ್ಕೆ ತಿರುಗಿಸುತ್ತವೆ. ಚೀಲದಲ್ಲಿ ಅವು ಇಲ್ಲ. ಮೀನು ಬಿಟ್ಟದ್ದೆಲ್ಲ ಮೀನಿನ ಸುತ್ತಲೇ ಉಳಿಯುತ್ತದೆ. ಹೊರಡುವ ದಿನ ಪ್ರೀತಿಯಿಂದ ಹಾಕಿದ ಒಂದು ಚಿಟಿಕೆ ಮೇವು ಚೀಲದೊಳಗೆ ವಿಷವಾಗುವುದು ಹೀಗೆ.

ಆದರೆ ಪ್ರಕೃತಿ ಇಲ್ಲೊಂದು ಆಸರೆ ಇಟ್ಟಿದೆ. ನೀರಿನಲ್ಲಿ ಅಮೋನಿಯಾ ಎರಡು ರೂಪದಲ್ಲಿರುತ್ತದೆ: ಕಿವಿರನ್ನು ದಾಟಿ ರಕ್ತಕ್ಕೆ ನುಗ್ಗುವ ವಿಷದ ರೂಪ ಒಂದು, ಅಷ್ಟಾಗಿ ಒಳನುಗ್ಗಲಾರದ ಅಮೋನಿಯಂ ರೂಪ ಇನ್ನೊಂದು. ಯಾವುದು ಎಷ್ಟು ಎಂಬುದನ್ನು ನಿರ್ಧರಿಸುವುದು ನೀರಿನ ಪಿಎಚ್. ಪಿಎಚ್ 7 ಇದ್ದಾಗ ವಿಷದ ಪಾಲು ನೂರಕ್ಕೆ ಒಂದಕ್ಕಿಂತ ಕಡಿಮೆ. 8 ಆದರೆ ನೂರಕ್ಕೆ ಐದರ ಹತ್ತಿರ. 9ಕ್ಕೆ ಮುಟ್ಟಿದರೆ ಮೂರನೇ ಒಂದು ಪಾಲು. ಕಟ್ಟಿದ ಚೀಲದಲ್ಲಿ ಮೀನು ಉಸಿರು ಬಿಟ್ಟಂತೆ ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಕರಗಿ ಪಿಎಚ್ ಇಳಿಯುತ್ತದೆ. ಹೀಗೆ ಮೀನಿನ ಉಸಿರೇ ಮೀನಿನ ಹೊಲಸಿನ ವಿಷವನ್ನು ಅದುಮಿಡುತ್ತದೆ. ಡೈಆಕ್ಸೈಡ್ ಮಿತಿಮೀರಿದರೆ ಮೀನು ಮಂಕಾಗುತ್ತದೆ ಎಂಬುದೂ ನಿಜ. ಅದಕ್ಕೇ ಒಂದು ಚೀಲಕ್ಕೆ ಹೆಚ್ಚು ಮೀನು ತುಂಬಬಾರದು. ಮಿತಿಯಲ್ಲಿದ್ದಷ್ಟು ಹೊತ್ತು ಅದು ಕಾಪಾಡುತ್ತದೆ.

ದಾರಿಯಲ್ಲಿ ಚೀಲ ಬಿಚ್ಚಬಾರದು ಎಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ. ಬೈಲುಕುಪ್ಪೆ ದಾಟುವಷ್ಟರಲ್ಲಿ ಮಕ್ಕಳಿಗೆ ಚಿಂತೆ ಶುರುವಾಗುತ್ತದೆ: "ಅಮ್ಮಾ, ಅದಕ್ಕೆ ಗಾಳಿ ಸಾಲ್ತಾ ಇದೆಯಾ?" ಅಮ್ಮ ರಬ್ಬರ್ ಬ್ಯಾಂಡ್ ಬಿಚ್ಚಿ ಹೊಸ ಗಾಳಿ ಆಡಿಸುತ್ತಾಳೆ. ತುಂಬಿದ್ದ ಆಮ್ಲಜನಕ ಹಾರಿಹೋಯಿತು. ಅದಕ್ಕಿಂತ ಹೆಚ್ಚಾಗಿ, ಡೈಆಕ್ಸೈಡ್ ಹಾರಿಹೋಗಿ ಪಿಎಚ್ ಏರಿತು. ಇಷ್ಟು ಹೊತ್ತು ಸುಮ್ಮನಿದ್ದ ಅಮೋನಿಯಾ ಈಗ ವಿಷದ ರೂಪಕ್ಕೆ ತಿರುಗಿತು. ಮುಟ್ಟದೆ ಬಿಟ್ಟಿದ್ದರೆ ಬದುಕುತ್ತಿದ್ದ ಮೀನು ಮಂಡ್ಯದ ಹತ್ತಿರ ಸಾಯುತ್ತದೆ. ಅಕ್ಕರೆಯವರ ಕೈಯಲ್ಲಿ ಹೀಗಾಗುವುದು ನನಗೆ ತುಂಬ ನೋವು ಕೊಡುವ ಸಂಗತಿ.

ನಮ್ಮ ಗುಡ್ಡಕ್ಕೇ ಸೇರಿದ ಒಂದು ವಿಷಯ ಹೇಳಬೇಕು. ಮಡಿಕೇರಿ ಸಮುದ್ರಮಟ್ಟದಿಂದ 1,150 ಮೀಟರಿನಷ್ಟು ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಒತ್ತಡ ಮಂಗಳೂರಿನದಕ್ಕಿಂತ ಸುಮಾರು ಎಂಟನೇ ಒಂದು ಪಾಲು ಕಡಿಮೆ. ಮಂಗಳೂರಿನ ಅಂಗಡಿಯವರು ಚೀಲವನ್ನು ಬಿಗಿಯಾಗಿ ಉಬ್ಬಿಸಿ ಕೊಟ್ಟರೆ, ಸುಳ್ಯ ದಾಟಿ ಸಂಪಾಜೆ ಘಾಟಿ ಏರುತ್ತಿದ್ದಂತೆ ಅದು ಇನ್ನೂ ಹಿಗ್ಗುತ್ತ ಬರುತ್ತದೆ. ಕಟ್ಟು ಸಡಿಲವಿದ್ದರೆ ಅಲ್ಲಿ ಸೋರುತ್ತದೆ, ಬೆಸುಗೆ ದುರ್ಬಲವಿದ್ದರೆ ಅಲ್ಲಿ ಬಿಡುತ್ತದೆ. ಇಲ್ಲಿಂದ ಕೆಳಗೆ ಹೋಗುವ ಚೀಲ ಇದಕ್ಕೆ ತದ್ವಿರುದ್ಧ, ಕುಗ್ಗುತ್ತದೆ; ಕುಗ್ಗಿದ್ದನ್ನು ನೋಡಿ ಗಾಳಿ ಖಾಲಿಯಾಯಿತೆಂದು ಹೆದರಬೇಕಿಲ್ಲ. ಕಣ್ಣೂರಿಗೋ ಮಂಗಳೂರಿಗೋ ಇಳಿದು ಅಲ್ಲಿಂದ ವಿಮಾನದಲ್ಲಿ ಹೋಗುವ ಮೀನಿಗೆ ಎರಡೂ ಆಗುತ್ತದೆ. ವಿಮಾನದೊಳಗಿನ ಒತ್ತಡ ಸುಮಾರು 2,400 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟಕ್ಕೂ ಇಳಿಯಬಹುದು. ಅದಕ್ಕೆ ವಿಮಾನದ ಚೀಲವನ್ನು ಪೂರ್ತಿ ಉಬ್ಬಿಸಬಾರದು, ಬೆರಳಿನಿಂದ ಒತ್ತಿದರೆ ತಗ್ಗುವಂತಿರಬೇಕು. ಜೀವಂತ ಪ್ರಾಣಿಗಳ ಸಾಗಣೆಗೆ ವಿಮಾನ ಕಂಪನಿಗಳ ಅಂತರರಾಷ್ಟ್ರೀಯ ಸಂಸ್ಥೆಯಾದ ಐಎಟಿಎಯ ನಿಯಮಾವಳಿಯೇ ಇದೆ. ಮೀನು ಕಾರ್ಗೋದಲ್ಲಿ ಹೋಗುವುದಾದರೆ ಬುಕ್ ಮಾಡುವ ಮೊದಲೇ ಕಂಪನಿಯವರ ಹತ್ತಿರ ಕೇಳಿಕೊಳ್ಳಬೇಕು.

ಬಸ್ಸಾದರೆ ಅಷ್ಟು ತೊಡಕಿಲ್ಲ. ಡಿಕ್ಕಿಗೆ ಹಾಕಬೇಡಿ, ಅಲ್ಲಿ ಸೆಕೆ. ಹಿಂದಿನ ಚಕ್ರದ ಮೇಲಿನ ಸೀಟೂ ಬೇಡ, ಕುಲುಕಾಟ ಜಾಸ್ತಿ. ನಡುವಿನ ಸೀಟಿನ ಕೆಳಗೆ, ಕಾಲಿನ ಹತ್ತಿರ.

ಚೀಲ ಎರಡು ಪದರ ಇರಲಿ, ನಡುವೆ ಒಂದು ಹಾಳೆ ದಿನಪತ್ರಿಕೆ. ಕ್ಯಾಟ್‌ಫಿಶ್‌ಗಳ ಎದೆರೆಕ್ಕೆಯಲ್ಲಿ ಗಟ್ಟಿ ಮುಳ್ಳಿರುತ್ತದೆ, ಒಳಚೀಲ ತೂತಾದರೂ ಹೊರಚೀಲ ಉಳಿಯಬೇಕು. ಚೀಲದ ತಳದ ಎರಡು ಮೂಲೆಗಳನ್ನು ಮಡಚಿ ಟೇಪು ಹಚ್ಚಿ. ಗಪ್ಪಿ, ಟೆಟ್ರಾದಂಥ ಚಿಕ್ಕ ಮೀನುಗಳು ಆ ಮೂಲೆಯ ಸಂದಿಗೆ ಸಿಕ್ಕಿಕೊಂಡು ಜಜ್ಜಿಹೋಗುತ್ತವೆ. ಫೈಟರ್ ಮೀನಿಗೆ ಒಂದೊಂದಕ್ಕೂ ಬೇರೆ ಚೀಲ. ಫೈಟರ್ ಮತ್ತು ಗೌರಾಮಿಗಳು ಮೇಲೆ ಬಂದು ಗಾಳಿ ನುಂಗುವ ಜಾತಿಯವು. ಅವುಗಳಿಗೆ ಸಿಲಿಂಡರಿನ ಆಮ್ಲಜನಕ ಬೇಡ, ನಮ್ಮ ನಿಮ್ಮ ಗಾಳಿಯೇ ಸಾಕು. ಬಲೆಯಲ್ಲಿ ಅಟ್ಟಿಸಿಕೊಂಡು ಹಿಡಿದು ದಣಿಸುವುದಕ್ಕಿಂತ ತೊಟ್ಟಿಯ ನೀರನ್ನು ಇಳಿಸಿ, ಮಗ್ಗಿನಲ್ಲಿ ನೀರಿನ ಸಮೇತ ಎತ್ತಿಕೊಳ್ಳುವುದು ಎಷ್ಟೋ ಮೇಲು. ಗೋಲ್ಡ್‌ಫಿಶ್, ಗಪ್ಪಿಗಳ ನೀರಿಗೆ ಲೀಟರಿಗೆ ಒಂದೆರಡು ಗ್ರಾಂ ಕಲ್ಲುಪ್ಪು ಹಾಕುತ್ತೇನೆ. ಸಿಹಿನೀರಿನ ಮೀನಿನ ರಕ್ತ ಸುತ್ತಲ ನೀರಿಗಿಂತ ಉಪ್ಪು. ಅದರಿಂದ ನೀರು ಸದಾ ಒಳಗೆ ನುಗ್ಗುತ್ತಲೇ ಇರುತ್ತದೆ, ಮೀನು ಅದನ್ನು ಹೊರಹಾಕುತ್ತಲೇ ಇರುತ್ತದೆ. ಗಾಬರಿಯಾದ ಮೀನಿಗೆ ಈ ದುಡಿಮೆ ದುಪ್ಪಟ್ಟು. ಸ್ವಲ್ಪ ಉಪ್ಪು ಆ ಭಾರವನ್ನು ಇಳಿಸುತ್ತದೆ. ಹುರುಪೆ ಇಲ್ಲದ, ಇಲ್ಲವೇ ತೀರ ಸಣ್ಣದಿರುವ ಲೋಚ್, ಕ್ಯಾಟ್‌ಫಿಶ್‌ಗಳಿಗೆ ಉಪ್ಪು ಅಷ್ಟಾಗಿ ಒಗ್ಗುವುದಿಲ್ಲ, ಹಾಕದಿರುವುದೇ ವಾಸಿ.

ಆಮೇಲೆ ಕತ್ತಲು ಮತ್ತು ತಂಪು. ಥರ್ಮೋಕೋಲ್ ಡಬ್ಬದಲ್ಲಿಟ್ಟು ಮುಚ್ಚಳ ಹಾಕಿದರೆ ಎರಡೂ ಸಿಗುತ್ತವೆ. ಕತ್ತಲಲ್ಲಿ ಮೀನು ಓಡಾಡುವುದಿಲ್ಲ. ಓಡಾಡದ ಮೀನಿಗೆ ಉಸಿರೂ ಕಡಿಮೆ ಸಾಕು, ಹೊಲಸೂ ಕಡಿಮೆ. ನೀರಿನ ಬಿಸಿ ಹತ್ತು ಡಿಗ್ರಿ ಏರಿದರೆ ಮೀನಿನ ಮೈಯ ವ್ಯಾಪಾರ ಸುಮಾರು ಎರಡು ಪಟ್ಟಾಗುತ್ತದೆ. ಆದ್ದರಿಂದ ತಂಪು ಒಳ್ಳೆಯದು, ಆದರೆ ಮೀನಿನ ಜಾತಿ ನೋಡಿಕೊಂಡು. ಗೋಲ್ಡ್‌ಫಿಶ್ ನಮ್ಮ ಡಿಸೆಂಬರಿನ ಚಳಿಯಲ್ಲೂ ಸುಖವಾಗಿರುತ್ತದೆ. ಡಿಸ್ಕಸ್, ಏಂಜಲ್‌ಗಳು ಉಷ್ಣವಲಯದವು. ಮಡಿಕೇರಿಯ ಮಂಜಿನ ಬೆಳಗ್ಗೆ ಅವನ್ನು ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಇಟ್ಟುಕೊಂಡು ಕಾಯಬಾರದು. ಡಬ್ಬದ ಮೂಲೆಯಲ್ಲಿ ಬಿಸಿನೀರಿನ ಬಾಟಲಿಯೊಂದನ್ನು ಬಟ್ಟೆ ಸುತ್ತಿ, ಚೀಲಕ್ಕೆ ತಾಗದಂತೆ ಇಡಬೇಕು.

ಜೀವವನ್ನು ನಿಧಾನಗೊಳಿಸಿ ದೂರ ಸಾಗಿಸುವ ಈ ವಿದ್ಯೆ ಹಳೆಯದು. 1860ರ ದಶಕದಲ್ಲಿ ಮೀನು ತಜ್ಞ ಫ್ರಾನ್ಸಿಸ್ ಡೇ ಇಂಗ್ಲೆಂಡಿನಿಂದ ಟ್ರೌಟ್ ಮೀನಿನ ಮೊಟ್ಟೆಗಳನ್ನು ನಮ್ಮ ನೆರೆಯ ನೀಲಗಿರಿಗೆ ತರಿಸಲು ಹೋಗಿ ಸೋತರು, ಮೊಟ್ಟೆಗಳು ಉಳಿಯಲಿಲ್ಲ. ಅದೇ ಕಾಲದಲ್ಲಿ, 1864ರಲ್ಲಿ, 'ನಾರ್ಫೋಕ್' ಎಂಬ ಹಡಗು ಸಾಲ್ಮನ್ ಮತ್ತು ಟ್ರೌಟ್ ಮೊಟ್ಟೆಗಳನ್ನು ಸುಮಾರು ಮೂರು ತಿಂಗಳ ಸಮುದ್ರಯಾನದಲ್ಲಿ ಇಂಗ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಮುಟ್ಟಿಸಿತು. ಅಲ್ಲಿಂದ ಅವು ಟಾಸ್ಮೇನಿಯಾ ಸೇರಿದವು. ಮರದ ಪೆಟ್ಟಿಗೆಯಲ್ಲಿ ಒದ್ದೆ ಹಾವಸೆಯ ನಡುವೆ ಮೊಟ್ಟೆ, ಸುತ್ತ ರಾಶಿ ಮಂಜುಗಡ್ಡೆ. ಬಿಸಿ ಸಮುದ್ರಗಳನ್ನು ದಾಟುವಾಗಲೂ ಪೆಟ್ಟಿಗೆಯೊಳಗೆ ಚಳಿಗಾಲವೇ ಇತ್ತು. ಮೊಟ್ಟೆಯೊಳಗಿನ ಮರಿ ಬೆಳೆಯುವುದನ್ನು ತಡಮಾಡಿತು, ಅಷ್ಟರಲ್ಲಿ ಹಡಗು ದಡ ಸೇರಿತು. ನೀಲಗಿರಿಯಲ್ಲಿ ಟ್ರೌಟ್ ನೆಲೆಯಾಗಲು ಇಪ್ಪತ್ತನೆಯ ಶತಮಾನದ ಮೊದಲ ದಶಕ ಬರಬೇಕಾಯಿತು.

ತಲುಪಿದ ಮೇಲಿನ ಕೆಲಸವೂ ಕಟ್ಟುವವರದ್ದೇ ಎಂದು ನಾನು ತಿಳಿದಿದ್ದೇನೆ. ಅದನ್ನು ಚೀಟಿಯಲ್ಲಿ ಬರೆದುಕೊಡುತ್ತೇನೆ. ಐದಾರು ಗಂಟೆಯ ಪ್ರಯಾಣವಾದರೆ ಚೀಲವನ್ನು ಹೊಸ ತೊಟ್ಟಿಯಲ್ಲಿ ತೇಲಿಸಿ, ಆಮೇಲೆ ಬಾಯಿ ಬಿಚ್ಚಿ, ಸ್ವಲ್ಪ ಸ್ವಲ್ಪವೇ ಹೊಸ ನೀರು ಬೆರೆಸುತ್ತ ಒಗ್ಗಿಸಬಹುದು. ಒಂದು ದಿನ ಮೀರಿದ ಪ್ರಯಾಣಕ್ಕೆ ಈ ಕ್ರಮ ಸಲ್ಲದು. ಮುಚ್ಚಿದ ಚೀಲವನ್ನೇ ಅರ್ಧ ಗಂಟೆ ತೇಲಿಸಿ ಬಿಸಿ-ತಂಪು ಸಮವಾಗಲು ಬಿಡಬೇಕು; ಬಿಚ್ಚಿದ ಮರುಕ್ಷಣ ಮೀನನ್ನು ಎತ್ತಿ ತೊಟ್ಟಿಗೆ ಬಿಟ್ಟು, ಚೀಲದ ನೀರನ್ನು ಚೆಲ್ಲಬೇಕು. ಕಾರಣ ಮೇಲೆ ಹೇಳಿದ್ದೇ. ಹಳೆಯ ಫಿಲ್ಟರಿನ ಸ್ಪಂಜನ್ನು ತೊಳೆಯದೆ, ಒದ್ದೆಯಾಗಿಯೇ, ಗಾಳಿ ಇರುವ ಚೀಲದಲ್ಲಿ ಜೊತೆಗೆ ಒಯ್ದರೆ ಹೊಸ ತೊಟ್ಟಿಗೆ ಬ್ಯಾಕ್ಟೀರಿಯಾಗಳ ಸಂಸಾರ ಸಿದ್ಧವಾಗಿ ಬಂದಂತೆ. ಆ ರಾತ್ರಿ ದೀಪ ಬೇಡ, ಮೇವೂ ಬೇಡ.

ಬೆಂಗಳೂರಿಗೆ ಹೋದ ಮೀನುಗಳ ಬಗ್ಗೆ ಇನ್ನೊಂದು ಮಾತು. ನಮ್ಮ ಕಾವೇರಿಯೇ ಅಲ್ಲಿನ ನಲ್ಲಿಯಲ್ಲೂ ಬರುವುದು. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, 500 ಮೀಟರಿನಷ್ಟು ಎತ್ತರಕ್ಕೆ ಪಂಪು ಮಾಡಿ ತಂದ ನೀರು ಅದು. ಕಾವೇರಿ ಎಂಬ ಹೆಸರು ಕೇಳಿ ನಮ್ಮವರು ನಿಶ್ಚಿಂತೆಯಿಂದ ನಲ್ಲಿ ನೀರಿಗೆ ಮೀನು ಬಿಡುತ್ತಾರೆ. ಶುದ್ಧೀಕರಣದಲ್ಲಿ ಸೇರಿದ ಕ್ಲೋರಿನ್ ಕಿವಿರುಗಳನ್ನು ಸುಡುತ್ತದೆ. ಅಕ್ವೇರಿಯಂ ಅಂಗಡಿಗಳಲ್ಲಿ ಆಂಟಿಕ್ಲೋರಿನ್ ಎಂದು ಸಿಗುವ ಹರಳು ಹಿಂದೆ ಫೋಟೋ ಸ್ಟುಡಿಯೋದವರು ಬಳಸುತ್ತಿದ್ದ ಹೈಪೋವೇ. ಅದರ ಕೆಲವು ಹರಳು ಮೊದಲು ನೀರಿಗೆ ಬೀಳಬೇಕು. ಬೋರ್‌ವೆಲ್ ನೀರಾದರೆ ಬೇರೆ ಕಷ್ಟ. ಮಳೆಯೇ ಬಂಡವಾಳವಾದ ನಮ್ಮ ಊರಿನ ನೀರು ಮೆದು, ಅಲ್ಲಿನದು ಗಡಸು. ಗಪ್ಪಿಗಳು ಬೇಗ ಹೊಂದಿಕೊಳ್ಳುತ್ತವೆ, ಟೆಟ್ರಾಗಳಿಗೆ ಸಮಯ ಕೊಡಬೇಕು.

ಮೀನು ಬದುಕಿ ತಲುಪಿದರೆ ಕೆಲಸ ಗೆದ್ದಂತೆ ಎಂದು ಹೇಳಿ ಮುಗಿಸಲು ನನಗೆ ಮನಸ್ಸು ಬರುವುದಿಲ್ಲ. ನಮ್ಮ ಕಾವೇರಿಯಲ್ಲೇ ಇದಕ್ಕೆ ಸಾಕ್ಷಿ ಇದೆ. ಕಿತ್ತಳೆ ರೆಕ್ಕೆಯ, ಗೂನುಬೆನ್ನಿನ ಮಹಶೀರ್ ಕಾವೇರಿ ಕಣಿವೆಯದ್ದೇ ಮೀನು, ಲೋಕದಲ್ಲಿ ಬೇರೆಲ್ಲೂ ಇಲ್ಲ. 1970ರ ದಶಕದಿಂದ ಲೋಣಾವಳದ ಟಾಟಾ ಮೀನುಮರಿ ಕೇಂದ್ರದಲ್ಲಿ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಬೆಳೆಸಿ ದೇಶದ ಹಲವು ನದಿಗಳಿಗೆ ಕಳಿಸಿದರು; ಕಾವೇರಿಗೂ ಬಂದವು. ಮಹಶೀರ್ ಉಳಿಯಲಿ ಎಂಬ ಸದುದ್ದೇಶವೇ ಅದರ ಹಿಂದೆ ಇದ್ದದ್ದು. ಮರಿಗಳು ಚೆನ್ನಾಗಿಯೇ ಪ್ರಯಾಣ ಮಾಡಿದವು, ಚೆನ್ನಾಗಿಯೇ ನೆಲೆಯೂರಿದವು. ಗಾಳ ಹಾಕುವವರು 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕಗಳನ್ನು ಸಂಶೋಧಕರು ತೆಗೆದು ನೋಡಿದಾಗ ನೀಲಿ ರೆಕ್ಕೆಯದು ಹೆಚ್ಚುತ್ತ, ಗೂನುಬೆನ್ನಿನದು ಕಾಣೆಯಾಗುತ್ತ ಹೋದದ್ದು ತಿಳಿಯಿತು. ಅಷ್ಟು ಹೆಸರುವಾಸಿಯಾದ ಗೂನುಬೆನ್ನಿನ ಮೀನಿಗೆ ಖಚಿತವಾದ ವೈಜ್ಞಾನಿಕ ಹೆಸರು ಗೊತ್ತಾದದ್ದೇ 2018ರಲ್ಲಿ, ಟಾರ್ ರೆಮಾದೇವಿ ಎಂದು. ಅದೇ ವರ್ಷ ಅದು ಅತಿ ಗಂಭೀರ ಅಪಾಯದಲ್ಲಿರುವ ಪ್ರಭೇದಗಳ ಪಟ್ಟಿಗೂ ಸೇರಿತು. ಅಣೆಕಟ್ಟು, ಮರಳುಗಾರಿಕೆ, ಡೈನಮೈಟ್ ಇವುಗಳ ಪಾಲೂ ಇದರಲ್ಲಿ ಇದೆ. ಹೊರಗಿನಿಂದ ಬಂದ ಮೀನಿನ ಪಾಲನ್ನು ಮಾತ್ರ ಯಾರೂ ಮೊದಲು ಊಹಿಸಿರಲಿಲ್ಲ.

ಹಾಗಾಗಿ ವರ್ಗಾವಣೆಯವರಲ್ಲಿ ಕೆಲವರು, "ಇಷ್ಟೆಲ್ಲ ಯಾಕೆ ಅಕ್ಕ, ಇವನ್ನ ಹಾರಂಗಿ ಹಿನ್ನೀರಿಗೆ ಬಿಟ್ಬಿಡ್ತೀವಿ, ಸ್ವತಂತ್ರವಾಗಿ ಇರ್ಲಿ" ಎಂದಾಗ ನಾನು ಕೈ ಹಿಡಿದು ನಿಲ್ಲಿಸುತ್ತೇನೆ. ಗಾಜು ಶುಚಿ ಮಾಡಲೆಂದು ಬೆರಳುದ್ದ ಇದ್ದಾಗ ತಂದ ಸಕ್ಕರ್ ಮೀನು ಒಂದಡಿ ದಾಟಿ ಬೆಳೆಯುತ್ತದೆ. ದಕ್ಷಿಣ ಭಾರತದ ಎಷ್ಟೋ ಕೆರೆ ಹೊಳೆಗಳಲ್ಲಿ ಅದು ಈಗ ಬಲೆ ಹರಿಯುವ ಪೀಡೆ. ಒಯ್ಯಲಾಗದಿದ್ದರೆ ನನಗೆ ಹೇಳಿ. ಸೋಮವಾರಪೇಟೆ, ಗೋಣಿಕೊಪ್ಪ, ವಿರಾಜಪೇಟೆ ಕಡೆ ದೊಡ್ಡ ತೊಟ್ಟಿ ಇಟ್ಟವರು ಇದ್ದಾರೆ, ನಾನೇ ಮಾತಾಡುತ್ತೇನೆ; ಅಲ್ಲಿಗೆ ಕಟ್ಟಿ ಕಳಿಸುವುದೂ ನನ್ನ ಕೆಲಸ. ಯಾರೂ ಸಿಗದಿದ್ದರೆ, ಸಿಗುವ ತನಕ ನನ್ನ ಮನೆಯಲ್ಲಿರಲಿ.